ಕೊಕ್ಕೆ ಮೇಸ್ತ್ರಿಯ ಹೊಡೆತ

"ಅಮ್ಮಾ, ಕೊಕ್ಕೆ ಮಾವ ಆ ಅಂಕಲ್ನ ಮೇಲಿಂದ ಯಾಕೆ ತಳ್ಳಿದ್ರು?"

ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಮಗಳು ಕೇಳಿದಳು. ಎದುರಿನ ಕಟ್ಟಡದಲ್ಲಿ ನಡೆದದ್ದನ್ನು ಅಡುಗೆಮನೆ ಕಿಟಕಿಯಿಂದ ತಾಯಿ ಮಗಳು ಇಬ್ಬರೂ ನೋಡಿದ್ದರು.

"ತಳ್ಳಲಿಲ್ಲ ಪುಟ್ಟಾ. ಮೊದಲು ನುಂಗು" ಎಂದಳು ತಾಯಿ. ತಳ್ಳಲಿಲ್ಲ, ಸರಿ. ಆದರೆ ಹೊಡೆದದ್ದು ಸುಳ್ಳಲ್ಲವಲ್ಲ!

ತಾಯಿ ಮಗಳ ಮನೆಯ ಮೇಲಿನ ಕೋಣೆಯಲ್ಲಿ ಒಂಟಿಯಾಗಿರುವ ಆ ಕೊಕ್ಕೆ ಮಾವ, ಕಟ್ಟಡಗಳ ಹೊರಮೈಗೆ ಕಬ್ಬಿಣದ ಕೊಳವೆ ಜೋಡಿಸಿ ಸಾರುವೆ ಕಟ್ಟುವ ತಂಡದ ಮೇಸ್ತ್ರಿ. ಮೇಲೆ ಹತ್ತುವವನು ಮೈಗೆ ಬೆಲ್ಟು ಬಿಗಿದು, ಅದರ ಹಗ್ಗದ ತುದಿಯ ಕೊಕ್ಕೆಯನ್ನು ಗಟ್ಟಿ ಕೊಳವೆಗೆ ಸಿಕ್ಕಿಸಬೇಕು. "ಕೊಕ್ಕೆ ಎಲ್ಲೋ? ಕೊಕ್ಕೆ ಹಾಕೋ!" ಎಂದು ಬೆಳಗಿನಿಂದ ಬೈಗಿನವರೆಗೆ ಅರಚಿ ಅರಚಿ ಅವರಿಗೆ ಕೊಕ್ಕೆ ಮೇಸ್ತ್ರಿ ಎಂಬ ಹೆಸರೇ ಅಂಟಿಕೊಂಡಿತ್ತು. ಮಾತು ಕೇಳದವನಿಗೆ ಅವರ ಕೈ ಮಾತಾಡುತ್ತಿತ್ತು. ಒಬ್ಬನ ಕಿವಿಯಲ್ಲಿ ರಕ್ತ ಬರಿಸಿದ್ದರು, ಇನ್ನೊಬ್ಬನ ದವಡೆ ಹಲ್ಲು ಉದುರಿಸಿದ್ದರು. "ಆಸ್ಪತ್ರೆಗೆ ನಡ್ಕೊಂಡೇ ಹೋದ್ನಲ್ಲ, ಹೊತ್ಕೊಂಡು ಹೋಗಲಿಲ್ವಲ್ಲ!" ಎಂದು ಮೇಲಿಂದ ಸಮಜಾಯಿಷಿ ಬೇರೆ.

ಹರೆಯದಲ್ಲಿ ಅವರ ಅಣ್ಣ ಇಂಥದೇ ಸಾರುವೆಯಿಂದ, ಕೆಳಗೆ ನೆಟ್ಟಿದ್ದ ಸರಳುಗಳ ಮೇಲೆ ಬಿದ್ದಿದ್ದ. ಒಂದು ಸರಳು ಕುತ್ತಿಗೆ ತೂರಿ ಇನ್ನೊಂದು ಬದಿಗೆ ಬಂದಿತ್ತು. ಅದನ್ನು ಗರಗಸದಿಂದ ಕೊಯ್ದು ಬಿಡಿಸುವವರೆಗೆ ಅಣ್ಣನ ತಲೆಯನ್ನು ಅಂಗೈಯಲ್ಲಿ ಎತ್ತಿ ಹಿಡಿದುಕೊಂಡು ಕೂತವರು ಇವರೇ. ಬಟ್ಟೆ ಒಣಹಾಕುತ್ತಾ ತಾರಸಿಯಲ್ಲಿ ಒಮ್ಮೆ ಅವಳಿಗೆ ಇದನ್ನು ಹೇಳಿದ್ದರು, ಬೇರೆ ಯಾರದೋ ಮನೆಯ ಸುದ್ದಿಯೇನೋ ಎಂಬಂತೆ.

ಅವರ ತಂಗಿಯ ಗಂಡನೂ ಅದೇ ತಂಡದಲ್ಲಿದ್ದ. ಹೆಜ್ಜೆಗೊಮ್ಮೆ ಕೊಕ್ಕೆ ಬಿಚ್ಚಿ ಹಾಕುವ ರಗಳೆ ಯಾರಿಗೆ ಬೇಕೆಂದು ಅವನು ಅದನ್ನು ತನ್ನ ಸೊಂಟದ ಬೆಲ್ಟಿನ ಬಳೆಗೇ ಸಿಕ್ಕಿಸಿಕೊಳ್ಳುತ್ತಿದ್ದ. ಕೆಳಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಇವತ್ತು ಮೇಸ್ತ್ರಿ ಸದ್ದಿಲ್ಲದೆ ಹತ್ತಿ, ತಮ್ಮ ಕೊಕ್ಕೆ ಸಿಕ್ಕಿಸಿ, ಅವನ ಬೆನ್ನ ಹಿಂದೆ ನಿಂತರು.

"ಎಲ್ಲೋ ಕೊಕ್ಕೆ?"

"ಸೊಂಟದಲ್ಲಿದೆಯಲ್ಲ ಬಾವ!"

"ನಿನ್ನನ್ನ ನೀನೇ ಹಿಡ್ಕೊಂಡು ಬೀಳ್ತೀಯೇನೋ?"

ಕಪಾಳಕ್ಕೆ ಬಿದ್ದ ಏಟಿನ ಸದ್ದು ಬೀದಿಯ ಈಚೆಗೂ ಕೇಳಿಸಿತು.

"ಎಲ್ಲರ ಮುಂದೆ ಕೈ ಮಾಡ್ತೀಯಾ? ತಂಗೀನ ಕೊಟ್ಟಿದ್ದೀಯ, ನನ್ನನ್ನ ಕೊಂಡ್ಕೊಂಡಿಲ್ಲ!" ಎನ್ನುತ್ತಾ ಅವನು ಸ್ಪ್ಯಾನರ್ ಬೀಸಿದ. ಮೇಸ್ತ್ರಿಯ ಹುಬ್ಬು ಸೀಳಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಯಿತು. ಅವರು ಅವನ ಕತ್ತು ಹಿಡಿದು ಮುಖವನ್ನು ಕೊಳವೆಗೆ ಜಜ್ಜಿದರು. ಮತ್ತೊಮ್ಮೆ ಜಜ್ಜಿದರು. ಮೂಗು ಒಡೆಯಿತು. ಆ ಹೊತ್ತಿಗೇ ಅವರ ಎಡಗೈ ಅವನ ಸೊಂಟದಿಂದ ಕೊಕ್ಕೆ ಕಿತ್ತು ಮೇಲಿನ ಕೊಳವೆಗೆ ಸಿಕ್ಕಿಸಿದ್ದನ್ನು ತಾಯಿ ಕಂಡಳು. ಮಗು ಕಂಡದ್ದು ರಕ್ತವನ್ನು ಮಾತ್ರ.

ಬಿಡಿಸಿಕೊಂಡವನು ಮೇಸ್ತ್ರಿಯ ಹೊಟ್ಟೆಗೆ ಜಾಡಿಸಿ ಒದ್ದ. ಒದ್ದ ರಭಸಕ್ಕೆ ತಾನೇ ಹಲಗೆಯಿಂದ ಜಾರಿದ. ಹಗ್ಗ ಸೆಟೆದು ಜಗ್ಗಿತು. ಜೋಲಿ ಹೊಡೆದು ಗೋಡೆಗೆ ಅಪ್ಪಳಿಸಿದಾಗ ಅವನ ಮುಂದಿನ ಹಲ್ಲುಗಳು ಮುರಿದವು. ಹಗ್ಗ ಮಾತ್ರ ಅವನನ್ನು ಬಿಡಲಿಲ್ಲ. ಎಲ್ಲರೂ ಸೇರಿ ಮೇಲೆಳೆದುಕೊಂಡರು. ಉಸಿರಾಡುತ್ತಿದ್ದಾನೆಂದು ಖಾತ್ರಿಯಾದ ಮೇಲೆ ಮೇಸ್ತ್ರಿ ಅವನಿಗೆ ಇನ್ನೊಂದು ಬಾರಿಸಿದರು.

ಸಂಜೆಯ ಹೊತ್ತಿಗೆ ಗುತ್ತಿಗೆದಾರ ಇಬ್ಬರನ್ನೂ ಕೆಲಸದಿಂದ ಕಿತ್ತುಹಾಕಿದ್ದ. ಅವನ ಸ್ಥಿತಿ ವಿಚಾರಿಸಲು ಹೋದ ಮೇಸ್ತ್ರಿಯ ಮುಖಕ್ಕೆ ತಂಗಿ, "ಕೊಲೆಗಡುಕ! ನನ್ನ ಗಂಡನ್ನ ತಳ್ಳಿದೆಯಲ್ಲೋ!" ಎಂದು ಬಾಗಿಲು ಬಡಿದಳು. ಚೌಕಟ್ಟಿನ ಮೇಲಿದ್ದ ಅವರ ಬಲಗೈಯ ಎರಡು ಬೆರಳು ಜಜ್ಜಿಹೋದವು.

ವಾರ ಕಳೆದ ಮೇಲೆ ತಾಯಿಗೆ ಮನಸ್ಸು ತಡೆಯಲಿಲ್ಲ. ಬೀದಿಯ ಕೊನೆಯಲ್ಲಿದ್ದ ತಂಗಿಯ ಮನೆಗೆ ಹೋಗಿ, "ಕೊಕ್ಕೆ ಹಾಕಿದ್ದು ನಿಮ್ಮಣ್ಣ. ಕಣ್ಣಾರೆ ನೋಡಿದ್ದೀನಿ" ಎಂದಳು.

"ಮೂಗು ಒಡೆದಿದ್ದನ್ನೂ ಕಣ್ಣಾರೆ ನೋಡಿದ್ರಲ್ಲಾ?" ಎಂದಳು ತಂಗಿ.

ಹಾಸಿಗೆಯಲ್ಲಿದ್ದ ಗಂಡ, ತಲೆದೆಸೆಯ ಮೊಳೆಗೆ ನೇತುಹಾಕಿದ್ದ ಬೆಲ್ಟನ್ನು ತೋರಿಸಿದ. "ನನ್ನ ಉಳಿಸಿದ್ದು ಇದು, ಅವನಲ್ಲ. ಅದೃಷ್ಟದ ಬೆಲ್ಟು. ನಾಡಿದ್ದು ಬೇರೆ ತಂಡಕ್ಕೆ ಸೇರ್ತೀನಿ. ಇದನ್ನ ಬಿಟ್ಟು ಇನ್ನೊಂದು ಹಾಕಲ್ಲ."

ಗಾಯ ಮಾಗುತ್ತಿರುವ ಸುದ್ದಿ ಕೇಳಿ ಮೇಸ್ತ್ರಿಗೆ ಸಮಾಧಾನವಾದೀತೆಂದು ಅವಳು ಮೆಟ್ಟಿಲ ಮೇಲೆ ಅವರನ್ನು ತಡೆದು ಎಲ್ಲ ಹೇಳಿದಳು. ಬೆಲ್ಟಿನ ಮಾತು ಬರುತ್ತಲೇ ಅವರ ಮುಖ ಬಿಳಚಿಕೊಂಡಿತು.

"ಅದೇ ಬೆಲ್ಟಾ? ಒಂದು ಸಲ ಬಿದ್ದವನನ್ನ ಹಿಡಿದದ್ದು ಇನ್ನೊಂದು ಸಲ ಹಿಡಿಯುತ್ತೆ ಅನ್ನೋ ನಂಬಿಕೆ ಇಲ್ಲಮ್ಮ. ಒಳಗೆ ನೂಲು ಹರಿದಿದ್ರೂ ಹೊರಗೆ ಕಾಣಲ್ಲ."

"ಹಾಗಂತ ನೀವೇ ಹೋಗಿ ಹೇಳಿ."

"ಹೊಡೆದವನ ಮಾತು ಯಾರು ಕೇಳ್ತಾರೆ? ನಾನು ಬೇಡ ಅಂದ್ರೆ ಹಠಕ್ಕಾದ್ರೂ ಅದನ್ನೇ ಹಾಕ್ಕೊಂಡು ಹತ್ತುತ್ತಾನೆ." ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಅವರು ದನಿ ತಗ್ಗಿಸಿದರು. "ನಿಮಗಾದ್ರೆ ಬಾಗಿಲು ತೆಗೀತಾಳೆ. ಒಂದು ಉಪಕಾರ ಮಾಡಮ್ಮ. ಚೂಪಾದ ಕತ್ತರಿ ತಗೊಂಡು ನಾಳೆ ಹೋಗಿ, ಆ ಬೆಲ್ಟನ್ನ ಕತ್ತರಿಸಿಬಿಡಿ. ಆಗ ಹೊಸ ತಂಡದವರು ಕೊಟ್ಟದ್ದನ್ನ ಹಾಕ್ಕೊಳ್ಳಲೇಬೇಕು. ಒಂದು ಪಟ್ಟೀನೂ ಉಳಿಸ್ಬೇಡಿ. ಒಂದೇ ಕಡೆ ಕತ್ತರಿಸಿದ್ರೆ ಹೊಲಿಸ್ಕೊಂಡು ಬರೋ ಆಸಾಮಿ ಅವನು."