ಗೋಡೆ ಬದಿಯ ಕುರ್ಚಿ

ಮದುವೆಯೂಟದ ಪಂಕ್ತಿಯಲ್ಲಿ ನೀವು ಎಲ್ಲಿ ಕೂರುತ್ತೀರೆಂದು ನನಗೆ ಗೊತ್ತಿಲ್ಲ; ಹೋಳಿಗೆ ಬಿಸಿಬಿಸಿಯಾಗಿ ಬಂದು ಬೀಳುವ ಕಡೆ ಕೂರುವವರಿದ್ದಾರೆ, ಫ್ಯಾನಿನ ಕೆಳಗೇ ಬೇಕೆನ್ನುವವರಿದ್ದಾರೆ, ಜಗಳವಾಡಿದ ನೆಂಟರ ಮುಖ ಕಾಣದ ಜಾಗ ಹುಡುಕುವವರೂ ಇದ್ದಾರೆ. ಆದರೆ ನಮ್ಮ ನರಸಿಂಹರಾಜಪುರದ ಕಡೆಯ ಛತ್ರಗಳಲ್ಲಿ, ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿದ ಮೂಲೆಯ ಕುರ್ಚಿಯೊಂದಿರುತ್ತದೆ. ಅದು ಹಿರಿಯರದು. ಯಾವ ಶಾಸ್ತ್ರದಲ್ಲೂ ಹಾಗೆ ಬರೆದಿಲ್ಲ, ಆದರೂ ಅಲ್ಲಿ ಕೂತವರಿಗೆ ಬಡಿಸದೆ ಉಪ್ಪು ಕೂಡ ಮುಂದಿನ ಎಲೆಗೆ ಹೋಗುವುದಿಲ್ಲ.

ನನ್ನ ತಮ್ಮನಿಗೆ ಬೇಕಾಗಿದ್ದುದೂ ಅದೇ ಕುರ್ಚಿ. ಗಡಿಯಲ್ಲಿ ಕಾದಾಡಿ, ಸೇನೆಯಿಂದ ನಿವೃತ್ತನಾಗಿ ಮುತ್ತಿನಕೊಪ್ಪಕ್ಕೆ ಮರಳಿದವನು ಅವನು. ಬೆನ್ನ ಹಿಂದೆ ಯಾರಾದರೂ ಇದ್ದರೆ ಅವನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಕಾರಣವನ್ನು ಒಮ್ಮೆ ಮಾತ್ರ ಹೇಳಿದ, ನಾನೂ ಮತ್ತೆ ಕೇಳಲಿಲ್ಲ.

"ಊಟ ಮಾಡ್ತಾ ಕೂತಿದ್ವಿ ಅಕ್ಕ. ಹಿಂದಿಂದ ಬಂದು ಬಿತ್ತು ಶೆಲ್. ಪಕ್ಕದವ್ನ ತಟ್ಟೆ ಇತ್ತು, ಅವ್ನು ಇರ್ಲಿಲ್ಲ."

ಬಂದ ಹೊಸತರಲ್ಲಿ ಊರು ಅವನಿಗೆ ಸನ್ಮಾನ ಮಾಡಿತೆನ್ನಿ. ಶಾಲು, ಪೇಟ, ಹಣ್ಣಿನ ಬುಟ್ಟಿ, ಯಾವುದಕ್ಕೂ ಕೊರತೆಯಿರಲಿಲ್ಲ. "ಇಂಥವರು ಗಡಿ ಕಾಯುವುದರಿಂದಲೇ ನಾವು ನೆಮ್ಮದಿಯಾಗಿ ನಿದ್ರಿಸುತ್ತೇವೆ" ಎಂದು ಭಾಷಣಕಾರರು ಗದ್ಗದಿತರಾದರು. ವೇದಿಕೆಯ ಮೇಲಿದ್ದ ಇಬ್ಬರು ಆ ಮಾತಿಗೆ ಸಾಕ್ಷಿ ನುಡಿಯುವಂತೆ ಅಲ್ಲೇ ನಿದ್ರಿಸುತ್ತಿದ್ದರು. ನಮ್ಮವರಿಗೆ ದೇಶಭಕ್ತಿ ಬಹಳ, ಮೈಕು ಆರಿಸುವವರೆಗೆ ಇರುತ್ತದೆ.

ಆಮೇಲೆ ಅವನು ಹೋದ ಮೊದಲ ಮದುವೆಯಲ್ಲೇ ಎಡವಟ್ಟಾಯಿತು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಸನ್ಮಾನದ ದಿನ ಅವನ ತಲೆಗೆ ಪೇಟ ತೊಡಿಸಿದ ಊರ ಯಜಮಾನರೇ ಬಂದು, "ಏಳು ಮಾರಾಯ, ಮಿಲ್ಟ್ರಿಗೆ ಹೋದವ್ನಿಗೆ ಹಿರಿಯರ ಜಾಗ ಯಾವ್ದು ಅಂತ ಮರ್ತೇ ಹೋಯ್ತಾ?" ಎಂದರು. ಎದ್ದ. ನಡುವಿನ ಸಾಲಿಗೆ ಹೋಗಿ ಕೂತ. ನಮ್ಮ ಜನರ ಇನ್ನೊಂದು ಸೊಗಸು ನಿಮಗೂ ಗೊತ್ತಲ್ಲ, ಮುಂದಿನ ಪಂಕ್ತಿಗೆ ಜಾಗ ಹಿಡಿಯಲು ಉಣ್ಣುವವನ ಕುರ್ಚಿಯ ಹಿಂದೆ ನಿಂತು ಅವನ ತುತ್ತುಗಳನ್ನೇ ನೋಡುವುದು. ಹಾಗೆ ನಿಂತಿದ್ದ ಒಬ್ಬ ಮಹಾನುಭಾವ ಸಹನೆ ಮೀರಿ ಕುರ್ಚಿಯನ್ನು ಸರ್ರನೆ ಎಳೆದ. ತಮ್ಮ ಹಾರಿಬಿದ್ದು, ಮೇಜನ್ನು ಉರುಳಿಸಿ, ಅದರ ಮರೆಯಲ್ಲಿ ಕವುಚಿ ಮಲಗಿಬಿಟ್ಟ. ಸಾರು, ಪಾಯಸವೆಲ್ಲ ಪಕ್ಕದವರ ರೇಷ್ಮೆ ಸೀರೆಯ ಪಾಲಾಯಿತು.

"ಕುಡ್ಕೊಂಡು ಬಂದಿದಾನೆ" ಎಂಬ ತೀರ್ಪು ತಕ್ಷಣ ಹೊರಬಿತ್ತು. ತೀರ್ಪು ಕೊಟ್ಟವರಾದರೂ ಯಾರು? ಮಿಲಿಟರಿ ಕ್ಯಾಂಟೀನಿನ ರಮ್ಮಿಗಾಗಿ ಅವನ ಮನೆಯ ಹೊಸ್ತಿಲು ಸವೆಸಿದವರೇ. ನನ್ನ ತಮ್ಮ ಒಂದು ಹನಿಯನ್ನೂ ಮುಟ್ಟುವುದಿಲ್ಲ. ಅವನ ಪಾಲಿನ ಬಾಟಲಿಗಳೆಲ್ಲ ಸೇರಿದ್ದು ಇವರ ಹೊಟ್ಟೆಯನ್ನು. ಬೆಕ್ಕಾದರೂ ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ, ಇವರಿಗೆ ಆ ಮಾತ್ರದ ನಾಚಿಕೆಯೂ ಇಲ್ಲ.

ಅಂದಿನಿಂದ ಅವನು ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ನನ್ನ ಮಗಳ ಮದುವೆ ಗೊತ್ತಾದಾಗ, ಸೋದರಮಾವನಾಗಿ ಅವಳನ್ನು ಮಂಟಪಕ್ಕೆ ಕರೆತಂದು ಧಾರೆ ಮುಗಿದೊಡನೆ ಹೊರಟುಬಿಡುತ್ತೇನೆ ಎಂದ. ನನಗೆ ಅಳು ಬಂತು, ಸಿಟ್ಟೂ ಬಂತು. "ನೀನು ಉಣ್ದೆ ಹೋದ್ರೆ ನಾನೂ ಉಣ್ಣಲ್ಲ" ಎಂದೆ. ಮೂಲೆಯ ಕುರ್ಚಿ ಅವನಿಗೇ ಎಂದು ಬಡಿಸುವವರಿಗೆಲ್ಲ ಮೊದಲೇ ಹೇಳಿಟ್ಟೆ. ಪಂಕ್ತಿಯ ಹೊತ್ತಿಗೆ ಹೋಗಿ ನೋಡಿದರೆ, ಅದೇ ಯಜಮಾನರು ಅಲ್ಲಿ ಪ್ರತಿಷ್ಠಾಪಿತರಾಗಿದ್ದಾರೆ! ಇವತ್ತೊಂದು ದಿನ ಬಿಟ್ಟುಕೊಡಿ ಎಂದು ಕೈಮುಗಿದೆ.

"ಮದುವೆಮನೆ ಅಂದ್ಮೇಲೆ ಒಂದು ಪದ್ಧತಿ ಅಂತ ಇರ್ತದಮ್ಮ" ಎನ್ನುತ್ತ ಅವರು ಎಲೆಗೆ ನೀರು ಚಿಮುಕಿಸಿಕೊಂಡರು. ಪದ್ಧತಿಯಂತೆ! ಇನ್ನೊಬ್ಬನ ಗಂಟಲು ಕಟ್ಟಿದರೂ ತನ್ನ ಎಲೆಗೇ ಮೊದಲು ತುಪ್ಪ ಬೀಳಬೇಕೆನ್ನುವುದಕ್ಕೆ ನಾವಿಟ್ಟ ಮರ್ಯಾದೆಯ ಹೆಸರು ಅದು.

ತಮ್ಮ ಆಗಲೇ ಬಾಗಿಲ ಕಡೆ ತಿರುಗಿದ್ದ. ಕೈಹಿಡಿದು ಎಳೆತಂದು ನಡುವಿನ ಸಾಲಿನಲ್ಲಿ ಕೂರಿಸಿ, ಅವನ ಕುರ್ಚಿಯ ಹಿಂದೆ ನಾನೇ ನಿಂತೆ.

"ಹಿಂದೆ ಯಾರು?"

"ನಾನು ಕಣೋ. ಉಣ್ಣು ನೀನು."

ಬೀಗರು ಹುಡುಕಿಸಿದರು, ಫೋಟೊದವನು ಎರಡು ಸಲ ಕರೆದ, "ಹುಡುಗಿ ತಾಯಿ ಎಂತಕ್ಕೆ ಅಲ್ಲಿ ಕಂಬದ ಹಾಗೆ ನಿಂತಿದಾಳೆ?" ಎಂದು ಯಾರೋ ಆಡಿಕೊಂಡರು. ಆಡಿಕೊಳ್ಳಲಿ, ಅದೊಂದರಲ್ಲಿ ನಮ್ಮವರು ಎಂದೂ ಹಿಂದೆ ಬಿದ್ದವರಲ್ಲ. ತಮ್ಮ ಮೊದಮೊದಲು ಕೋಸಂಬರಿ ಮುಟ್ಟಲಿಲ್ಲ, ಹೋಳಿಗೆ ಮುರಿದು ಹಾಗೇ ಬಿಟ್ಟ. ಅನ್ನಕ್ಕೆ ಸಾರು ಬಿದ್ದಾಗ ಒಮ್ಮೆ ತಿರುಗಿ ನನ್ನ ಮುಖ ನೋಡಿದ. ಮತ್ತೆ ತಿರುಗಲಿಲ್ಲ. ಯಜಮಾನರು ತೇಗಿ ಎದ್ದರು, ಸಾಲೆಲ್ಲ ಕೈತೊಳೆಯಲು ಹೋಯಿತು. ತಮ್ಮ ಕೂತೇ ಇದ್ದ, ಬಡಿಸುವವನನ್ನು ಕರೆದು ಹೇಳಿದ: "ಇನ್ನೊಂಚೂರು ಮಜ್ಜಿಗೆ ಹಾಕಿ."