ಕಾಕು ಚೆಲ್ಲಿದ ಕಷಾಯ

ಬೆಳಿಗ್ಗೆ ಸೊಸೆ ಕಷಾಯಕ್ಕೆಂದು ಬಾಣಲೆಯಲ್ಲಿ ಕರಿಮೆಣಸು, ಜೀರಿಗೆ ಹುರಿಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ದಹಿಸರ್‌ನ ಈ ಫ್ಲ್ಯಾಟಿನಲ್ಲಿ ಕುಳಿತಿದ್ದ ನನ್ನ ಎದೆ ಧಸಕ್ಕೆಂದಿತು. ಇಷ್ಟು ವಯಸ್ಸಾದರೂ ಆ ಹೆದರಿಕೆ ಹೋಗಿಲ್ಲ...

ಐವತ್ತರ ದಶಕದಲ್ಲಿ ನಾವು ಇದೇ ಊರಿನ ಮಾಟುಂಗದಲ್ಲಿ, ಒಂದೊಂದೇ ಕೋಣೆಯ ಮನೆಗಳ ಒಂದು ಚಾಳಿನಲ್ಲಿದ್ದೆವು. ನನಗಾಗ ಒಂಬತ್ತು ವರ್ಷ. ಪಕ್ಕದ ಖೋಲಿಯಲ್ಲಿ ಧಾರವಾಡದ ಹೆಂಗಸೊಬ್ಬರು ಒಂಟಿಯಾಗಿದ್ದರು. ಮೈಸೂರಿನವರಾದ ನಾವೂ ಎಲ್ಲರಂತೆ ಅವರನ್ನು ಚಿಕ್ಕಮ್ಮ ಎನ್ನದೆ ಕಾಕು ಎನ್ನುತ್ತಿದ್ದೆವು. ಮಳೆಗಾಲ ಹಿಡಿಯಿತೆಂದರೆ ಅವರ ಒಲೆಯ ಮೇಲೆ ಶುಂಠಿ, ಮೆಣಸು, ಅರಿಸಿನ, ತುಳಸಿ ಹಾಕಿದ ಕಷಾಯ ಸದಾ ಕುದಿಯುತ್ತಿತ್ತು. ಚಾಳಿನ ಮಕ್ಕಳನ್ನೆಲ್ಲ ಕೂರಿಸಿಕೊಂಡು, “ಕುಡೀರಿ, ಮೈಯಾಗ ಕಸುವು ಬರ್ತದ, ಜಡ್ಡು ಹತ್ರ ಸುಳಿಯೂದಿಲ್ಲ” ಎಂದು ಕುಡಿಸುತ್ತಿದ್ದರು.

ಆ ವರ್ಷ ಕೆಳಗಿನ ಮಹಡಿಯ ಎರಡು ಮಕ್ಕಳು ಗಂಟಲು ಕಟ್ಟಿ ತೀರಿಕೊಂಡಿದ್ದವು. ಅಮ್ಮ ನಮ್ಮನ್ನು ಹೊರಗೆ ಬಿಡುತ್ತಿರಲಿಲ್ಲ. ಆದರೂ ಒಂದು ಮಧ್ಯಾಹ್ನ ನಾಲ್ಕು ವರ್ಷದ ತಂಗಿಯ ಮೈ ಕೆಂಡವಾಯಿತು. ಉಸಿರೆಳೆದಾಗ ಗೊರಗೊರ ಸದ್ದು... ಅಪ್ಪ ಆಫೀಸಿನಲ್ಲಿದ್ದರು. ಕಾಕು ಕಷಾಯ ತಂದು ಕುಡಿಸಿದರು. ಅದು ಗಂಟಲಿಳಿಯದೆ ತಂಗಿಯ ಮೂಗಿನಿಂದ ಹೊರಬಂತು. ಕಾಕು ಚಮಚದ ಹಿಡಿಯಿಂದ ಅವಳ ನಾಲಿಗೆ ಒತ್ತಿ, ಕಿಟಕಿಯ ಬೆಳಕಿಗೆ ಗಂಟಲು ನೋಡಿದರು. ಒಳಗೆ ಬೂದುಬಣ್ಣದ ಪೊರೆ. ಅವರು ಚಮಚ ಕೆಳಗಿಟ್ಟು ಎದ್ದು ನಿಂತರು.

“ಇದು ಗಂಟಲಮಾರಿ. ಏಳ್ರೀ, ದವಾಖಾನಿಗೆ ಹೋಗೂಣು.”

“ಬೇಡ ಕಾಕು, ಅಲ್ಲಿಗೆ ಹೋದವರು ವಾಪಸ್ ಬರಲ್ಲ. ಇನ್ನೊಂದು ಸಲ ಕಷಾಯ ಕೊಡಿ,” ಅಮ್ಮ ಅಳುತ್ತಿದ್ದಳು.

ಕಾಕು ಉಳಿದ ಕಷಾಯವನ್ನು ಮೋರಿಗೆ ಸುರಿದುಬಿಟ್ಟರು. “ನನ್ನ ಮಗಾನೂ ಹಿಂಗ ಗೊರಗೊರ ಅಂತಿದ್ದ. ಮೂರು ದಿನಾ ಬರೇ ಕಷಾಯಾನ ಕುಡಿಸಿದೆ ನಾ. ನಾಕನೇ ದಿನಾ...”

ಅವರಿಗೊಬ್ಬ ಮಗನಿದ್ದನೆಂಬುದೇ ಚಾಳಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ತಂಗಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರೇ ಮೆಟ್ಟಿಲಿಳಿದರು. ಟ್ಯಾಕ್ಸಿಯಲ್ಲಿ ನಾನು ಅವಳ ಒಂದೊಂದು ಉಸಿರಿಗೂ ಕಿವಿಗೊಟ್ಟಿದ್ದೆ. ಇದಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ... ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಅವಳನ್ನು ಒಳಗೆ ಒಯ್ದರು. ನಮ್ಮನ್ನು ಬಿಡಲಿಲ್ಲ. ಕಾಕು ದಿನವೂ ಅಮ್ಮನ ಜೊತೆ ಗೇಟಿನ ಬಳಿ ಕುಳಿತರು. ಎಂಟನೆಯ ದಿನ ನರ್ಸ್ ಬಂದು, ಮಗು ಹಾಲು ನುಂಗಿತು ಅಂದಾಗ ಜೋರಾಗಿ ಅತ್ತದ್ದು ಅಮ್ಮನಲ್ಲ, ಕಾಕು.

ಆಮೇಲೂ ಅವರು ಕಷಾಯ ಕಾಸುವುದನ್ನು ಬಿಡಲಿಲ್ಲ. ಕುಡಿಸುವ ಮೊದಲು ಮಾತ್ರ ಪ್ರತಿ ಮಗುವಿನ ಬಾಯಿ ತೆರೆಸಿ ನೋಡುತ್ತಿದ್ದರು.

ನಾವು ಚಾಳು ಬಿಟ್ಟೆವು. ಅವರು ಧಾರವಾಡಕ್ಕೆ ಹೋದರೆಂದು ಕೇಳಿದೆ, ಎಷ್ಟೋ ವರ್ಷಗಳ ಮೇಲೆ ತೀರಿಕೊಂಡರೆಂದೂ. ನಾನು ಒಂದು ಕಾಗದವನ್ನೂ ಬರೆದಿರಲಿಲ್ಲ. ಇವತ್ತು ತಂಗಿಗೆ ಫೋನ್ ಮಾಡಿ, ಕಾಕು ನೆನಪಿದ್ದಾರಾ ಎಂದು ಕೇಳಿದೆ. “ಯಾವ ಕಾಕು?” ಅಂದಳು. ಎಲ್ಲ ಹೇಳಿದೆ. ಕಾಕು ಕಳೆದುಕೊಂಡ ಆ ಹುಡುಗನ ಹೆಸರೇನು ಎಂದು ಕೇಳಿದಳು.

ನಮ್ಮಲ್ಲಿ ಯಾರೂ ಅದನ್ನು ಕೇಳಿರಲೇ ಇಲ್ಲ.