ಮಾತಿಗೆ ಒತ್ತಿದ ಹೆಬ್ಬೆಟ್ಟು

“ಜನಪದ ಅಂದ್ರ ಜನ ಸತ್ತಿರಬೇಕೇನಲೇ? ಮಕ್ತುಂಬೀ ಇನ್ನಾ ಬದುಕ್ಯಾಳೋ ಮಾರಾಯಾ! ಗೊರೇಬಾಳದಾಗ ಕಟ್ಟಿ ಮ್ಯಾಲ ಕುಂತು ಬುಕ್ಕಿನ ದಾರಿ ನೋಡಾಕತ್ತಾಳ. ಆಕಿ ಹೆಸರು ಹೊಡದು ಹಾಕಾಕ ನೀ ಯಾವನು?”

ಮಸ್ಕಿಯಲ್ಲಿ ಅಭಿನಂದನ ಸಮಿತಿಯ ಸಭೆ ನಡೆದಿದ್ದ ಕೋಣೆಯಲ್ಲಿ, ತಮ್ಮದೇ ಗೌರವಕ್ಕೆಂದು ಸಿದ್ಧವಾಗುತ್ತಿದ್ದ ಗ್ರಂಥದ ಕರಡಚ್ಚನ್ನು ಮೇಜಿನ ಮೇಲೆ ಬಡಿದು ಹೀಗೆ ಗುಡುಗಿದವರು, ಮೂವತ್ತೈದು ವರ್ಷ ಪ್ರಾಥಮಿಕ ಶಾಲೆಯ ಮಾಸ್ತರಿಕೆ ಮಾಡಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಶ್ರೀ ಅಂಬಪ್ಪ ಮಾಸ್ತರರು. ಎದುರಿಗೆ ಕುಳಿತು ಬೈಸಿಕೊಂಡವರು ಗ್ರಂಥದ ಸಂಪಾದಕ, ಕಾಲೇಜಿನಲ್ಲಿ ಕನ್ನಡ ಕಲಿಸುವ ಚನ್ನವೀರ. ಅಂಬಪ್ಪನವರ ಕೈಯಲ್ಲೇ ಅಕ್ಷರ ತಿದ್ದಿದ ಶಿಷ್ಯ.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳಲ್ಲಿ ದಿನಬಳಕೆಯ ಮಾತನ್ನು ಇವರಷ್ಟು ಶ್ರದ್ಧೆಯಿಂದ ಬರೆದಿಟ್ಟವರು ಇನ್ನೊಬ್ಬರಿಲ್ಲವೆಂದು ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತನ್ನು ಆಡಿದವರ ಹೆಸರನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟರೆಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ಹೇಳಲೆಂದೇ ಈ ಲೇಖನ. ಸಮಿತಿಗೆ ರುಚಿಸದಿದ್ದರೆ ಅಚ್ಚು ಹಾಕದಿರಲಿ. ಹಾಕುವುದಾದರೆ ಒಂದಕ್ಷರ ಮುಟ್ಟದಿರಲಿ.

ಅಂಬಪ್ಪನವರ ಮೊದಲ ಶಾಲೆ ಗೊರೇಬಾಳದ್ದು. ಸೇರಿದ ಮರುವರ್ಷ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಎರಡನೆಯ ತರಗತಿಯ ಮೀರಾಬಿಯನ್ನು ಎಬ್ಬಿಸಿ, ತಾಯಿ ಎಲ್ಲಿ ಎಂದು ಕೇಳಿದರು. “ಅವ್ವ ನಾಟಿಗೆ ಹೋಗ್ಯಾಳ್ರೀ. ಸಂಜಿಕ ಸೊಂಟ ಗದ್ದ್ಯಾಗ ಬಿಟ್ಟು ಬರ್ತಾಳ” ಎಂದಳು ಹುಡುಗಿ. ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ಇಡೀ ತರಗತಿಯನ್ನೂ ನಗಿಸಿದರು. ಹೋಗುವಾಗ ಭೇಟಿ ಪುಸ್ತಕದಲ್ಲಿ ‘ಮಕ್ಕಳ ಭಾಷೆ ಅಶುದ್ಧ’ ಎಂದು ಗೀಚಿ ಹೋದರು. ದಿನವಿಡೀ ಕೆಸರಿನಲ್ಲಿ ಬಾಗಿ ಸಸಿ ನೆಟ್ಟ ಹೆಂಗಸಿನ ನೋವನ್ನು ನಾಲ್ಕೇ ಶಬ್ದಗಳಲ್ಲಿ ಹಿಡಿದ ಮಾತು ಅದು. ಅದನ್ನು ಕೇಳಿ ನಗುವವನ ಭಾಷೆ ಶುದ್ಧವಂತೆ! ಅಂಬಪ್ಪನವರಿಗೆ ಆ ದಿನ ಹತ್ತಿದ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ.

ಮರುದಿನದಿಂದ ಮೀರಾಬಿ ಶಾಲೆಗೆ ಬರಲಿಲ್ಲ. ಮೂರು ದಿನ ಕಾದ ಮಾಸ್ತರರು ನೋಟುಬುಕ್ಕೊಂದನ್ನು ಹಿಡಿದು ಅವಳ ಮನೆಗೇ ಹೋದರು. ಆ ಮಾತನ್ನು ಅವಳ ತಾಯಿ ಮಕ್ತುಂಬೀಯ ಎದುರಿಗೇ ಬರೆದು, ಕೆಳಗೆ ಅವಳ ಹೆಸರು, ಊರು, ಯಾವ ಕೆಲಸ ಮಾಡಿ ಬಂದು ಆಡಿದ್ದೆಂಬುದನ್ನೂ ಬರೆದು, ಗಟ್ಟಿಯಾಗಿ ಓದಿದರು. ಮಕ್ತುಂಬೀ ಸೆರಗು ಬಾಯಿಗಿಟ್ಟು ನಕ್ಕಳು.

“ಇದೂ ಬರಿಯೋ ಮಾತೇನ್ರೀ ಸರ? ನಮ್ಮ ಮನ್ಯಾಗ ದಿನಾ ಅಂತೀವಿ.”

“ದಿನಾ ಅಂತೀರಿ ಅಂತ್ಲೇ ಬರಕೊಂಡೀನಿ, ಯವ್ವಾ. ಖರೇ ಐತಿ ಅಂತ ಒಂದು ಹೆಬ್ಬೆಟ್ಟು ಒತ್ತು.”

ಅವಳು ಒತ್ತಿ, ನೀಲಿಯಾದ ಬೆರಳನ್ನು ಬಹಳ ಹೊತ್ತು ನೋಡಿದಳು. “ಇಲ್ಲೀತನ ರೇಷನ್ ಅಕ್ಕಿಗೆ ಒತ್ತೀನ್ರೀ. ಮಾತಿಗೆ ಒತ್ತಿದ್ದು ಇದೇ ಮೊದಲು. ಬುಕ್ಕಾದ್ರ ನನ್ನ ಹೆಸರು ಇರ್ತೈತಲ್ರೀ?”

“ಇರ್ತೈತಿ” ಎಂದರು ಮಾಸ್ತರರು. ಸೋಮವಾರ ಮೀರಾಬಿ ಶಾಲೆಗೆ ಬಂದಳು. ಇಂದು ಸಿಂಧನೂರಿನಲ್ಲಿ ನರ್ಸ್ ಆಗಿದ್ದಾಳೆ.

ಅಲ್ಲಿಂದ ಅವರ ಶಾಲೆಗಳಲ್ಲಿ ‘ಶನಿವಾರದ ಮಾತು’ ಎಂಬ ಪದ್ಧತಿ ಶುರುವಾಯಿತು. ಪ್ರತಿ ಮಗುವೂ ಮನೆಯಲ್ಲಿ ಕೇಳಿದ ಒಂದು ಮಾತನ್ನು ತರಬೇಕು. ಮಾಸ್ತರರು ಅದನ್ನು ಬರೆದುಕೊಂಡು, ಆಡಿದವರ ಮನೆಗೆ ಹೋಗಿ ಓದಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಲಿಂಗಸುಗೂರಿಗೆ ವರ್ಗವಾದಾಗ, ಗಿರಾಕಿಗಳು ಎಷ್ಟು ಅವಸರ ಮಾಡಿದರೂ “ಚಾ ಇನ್ನಾ ಎಳೇದೈತ್ರೀ, ಬಲೀಲಿ ತಡೀರಿ” ಎನ್ನುತ್ತಿದ್ದ ಚಹದಂಗಡಿಯ ಮಹಮ್ಮದಸಾಬ ಆ ನೋಟುಬುಕ್ಕಿಗೆ ಬಂದರು. ಪಾಮನಕಲ್ಲೂರಿನಲ್ಲಿ ಬಿಸಿಯೂಟ ಬೇಯಿಸುತ್ತಿದ್ದ ಪೀರಮ್ಮ ಬಂದಳು. ಬಳೆ ಒಡೆದರೆ “ಬಳಿ ಹೆಚ್ಚಿದ್ವು” ಎನ್ನುವುದನ್ನು ಎಲ್ಲರಿಂದಲೂ ಕೇಳಬಹುದು. ಸಜ್ಜೆಯ ಹೊಲದ ಕಡೆ ನೋಡಿ “ಗಾಳಿ ಸಜ್ಜಿಗೆ ತಲಿ ಬಾಚಾಕತ್ತೈತಿ ನೋಡ್ರೀ ಸರ” ಎನ್ನಲು ಪೀರಮ್ಮನೇ ಬೇಕಿತ್ತು. ಅವಳು ತೀರಿಕೊಂಡ ತಿಂಗಳಿಗೆ ಮಗಳು ಶಾಲೆಗೆ ಬಂದು, ಅವ್ವನ ಮಾತು ಓದಿರಿ ಎಂದಳು. ಮಾಸ್ತರರು ಪಡಸಾಲೆಯಲ್ಲಿ ಕುಳಿತು ಹದಿನಾಲ್ಕು ಮಾತುಗಳನ್ನೂ ಓದಿದರು. ಅವಳು ಹೆಬ್ಬೆಟ್ಟಿನ ಗುರುತುಗಳ ಮೇಲೆ ಕೈಯಾಡಿಸುತ್ತಾ ಕೇಳಿ, ಎದ್ದು ಹೋದಳು.

ಹೀಗೆ ತುಂಬಿದ ನೋಟುಬುಕ್ಕುಗಳು ಇಪ್ಪತ್ತಮೂರು. ನಿವೃತ್ತಿಯ ನೆಪದಲ್ಲಿ ಅವನ್ನು ಅಚ್ಚು ಹಾಕುತ್ತೇವೆಂದು ಸಮಿತಿ ಮುಂದೆ ಬಂದಾಗ ಮಾಸ್ತರರು ಮಗುವಿನಂತೆ ಹಿಗ್ಗಿ, ಅಂದೇ ಗೊರೇಬಾಳಕ್ಕೆ ಹೋಗಿ ಮಕ್ತುಂಬೀಗೆ ಸುದ್ದಿ ಹೇಳಿ ಬಂದರು.

ಕರಡಚ್ಚು ಬಂತು. ಮೊದಲ ಪುಟದಲ್ಲಿ ಸೊಂಟದ ಮಾತಿತ್ತು. ಮಕ್ತುಂಬೀ ಇರಲಿಲ್ಲ. ಅವಳ ಹೆಸರಿರಬೇಕಾದ ಜಾಗದಲ್ಲಿ ‘ಈ ಪುಟದ ದಾನಿಗಳು’ ಎಂದು ದಪ್ಪಕ್ಷರದಲ್ಲಿ ಸಮಿತಿಯ ಅಧ್ಯಕ್ಷ ಅಮರಗುಂಡಪ್ಪನವರ ಅಕ್ಕಿ ಗಿರಣಿಯ ಹೆಸರಿತ್ತು. ಪೀರಮ್ಮನ ಗಾಳಿಯ ಕೆಳಗೆ ಒಂದು ಗೊಬ್ಬರದ ಅಂಗಡಿ. ಮಹಮ್ಮದಸಾಬರ ಚಹದ ಕೆಳಗೆ ಒಂದು ಮೊಬೈಲ್ ಅಂಗಡಿ. ನೆಟ್ಟವಳ ಮಾತು, ಅಕ್ಕಿ ಮಾಡಿಸಿದವನ ಹೆಸರು! ಇದಕ್ಕಿಂತ ಆ ಅಧಿಕಾರಿಯ ನಗುವೇ ವಾಸಿ.

“ಜನಪದಕ್ಕ ಹೆಸರು ಹಾಕಿದ್ರ ವಿದ್ವಾಂಸರು ನಗ್ತಾರ್ರೀ ಸರ” ಎಂದು ಚನ್ನವೀರ ವಾದಿಸಿದ್ದಕ್ಕೇ ಮೊದಲು ಹೇಳಿದ ಗುಡುಗು ಎದ್ದದ್ದು.

ಆಗ ಅಮರಗುಂಡಪ್ಪನವರು ನಗುತ್ತ, “ಸಿಟ್ಟ್ಯಾಕ್ರೀ ಮಾಸ್ತರ? ನಿಮ್ಮ ಫೋಟೋ ಮುಖಪುಟಕ್ಕ ಹಾಕೀವಿ, ಶಾಲು ಹೊದಸ್ತೀವಿ. ಓದಾಕ ಬರಲಾರದ ಕೂಲಿ ಹೆಂಗಸಿಗೆ ಹೆಸರಿದ್ರೇನು, ಬಿಟ್ರೇನು?” ಎಂದರು.

“ಆಕಿಗೆ ಬರಂಗಿಲ್ಲ. ಮಗಳಿಗೆ ಬರ್ತೈತಿ. ನಾನೇ ಕಲಿಸೀನಿ.”

ಅಷ್ಟು ಹೇಳಿ ಮಾಸ್ತರರು ನೋಟುಬುಕ್ಕುಗಳನ್ನು ಒಂದೊಂದಾಗಿ ಎಣಿಸಿ ಗಂಟು ಕಟ್ಟತೊಡಗಿದರು. ಚನ್ನವೀರ ಎದ್ದು, “ಇವು ಇಲ್ಲೇ ಇರ್ಲಿ ಸರ, ಮತ್ತೊಮ್ಮೆ ಕುಂತು ಮಾತಾಡೂಣ್ರೀ” ಎಂದು ಗಂಟಿನ ಮೇಲೆ ಕೈ ಇಟ್ಟರು. ಮಾಸ್ತರರು ಆ ಕೈಯನ್ನು ಎತ್ತಿ ಬದಿಗಿಟ್ಟರು. ಅಕ್ಷರ ತಿದ್ದಿಸುವಾಗ ಹಿಡಿಯುತ್ತಿದ್ದಷ್ಟೇ ಹಗುರವಾಗಿ.

ಅಂಬಪ್ಪ ಮಾಸ್ತರರು ಗಟ್ಟಿಯಾಗಿ ನೂರು ವರ್ಷ ಬಾಳಲಿ, ಅವರ ಕಣ್ಣು ಮಂಜಾಗದಿರಲಿ, ಕಾಲು ಸೋಲದಿರಲಿ. ಅವರು ಹೋಗಿ ಕೂರಬೇಕಾದ ಕಟ್ಟೆಗಳು ಮೂರು ತಾಲೂಕುಗಳಲ್ಲಿ ಇನ್ನೂ ಸಾವಿರ ಇವೆ. ಇದನ್ನು ಅವರ ಎದುರು ನಿಂತೇ ಹೇಳಬೇಕೆಂದಿತ್ತು. ಆದರೆ ಅವರು ಅಂದು ಗಂಟನ್ನು ಹೆಗಲಿಗೇರಿಸಿ, ಚಪ್ಪಲಿ ಮೆಟ್ಟಿ, ಗೊರೇಬಾಳದ ಕಡೆ ಹೋಗುವ ಸಿಂಧನೂರಿನ ಬಸ್ಸು ಹತ್ತಿದರು. ಸಮಿತಿಯವರು ಎರಡು ಸಲ ಮನೆಗೆ ಹೋಗಿ ಕರೆದರು. ಸನ್ಮಾನದ ದಿನವೂ ಅವರು ಬರಲಿಲ್ಲ.